ದವಡೆಯೊಳಗಿನ ದೋಣಿ

ಮಿಲ್ಯಾರಾಯ್, ಮರಿಯನ್ನು ಆಮೇಲೆ ಒಯ್ಯುವೆಯಂತೆ,
ಮೊದಲು ಈ ಹಲಗೆ ರಾಶಿಯ ಮೇಲೆ ಕೂತುಕೋ.
ನೀರು ಇಳಿದಿದೆ, ನಿನ್ನಪ್ಪನ ಲಾಂಚು
ಕೆಸರು ಕಚ್ಚಿ ನಿಂತಿದೆ, ಸಂಜೆಯವರೆಗೆ ಅಲುಗದು.

ಈ ಚಿಲೊಯೆಯಲ್ಲಿ ಮರವಲ್ಲದ್ದು ಯಾವುದು?
ಗೋಡೆಗೆ ಮರದ ಹೆಂಚು, ಇಗರ್ಜಿಗೆ ಮರದ ಮೊಳೆ,
ದೋಣಿ, ತೊಟ್ಟಿಲು, ಶವಪೆಟ್ಟಿಗೆ, ನನ್ನ ಅನ್ನ.
ಇಂಥಲ್ಲಿ ಹುಟ್ಟಿದ ನಾಯಿಗೆ ಮರ ಕಚ್ಚಬೇಡ ಎಂದರೆ
ಮೀನಿಗೆ ನೆನೆಯಬೇಡ ಎಂದ ಹಾಗೆ.
ಕಚ್ಚುತ್ತದೆ. ಏನನ್ನು ಕಚ್ಚಲಿ,
ಅದು ಮಾತ್ರ ನಿನ್ನ ತಲೆಗೆ.

ಇದರ ಅಜ್ಜಿ ತಿಸ್ನಾ. ಮಸಿಯಲ್ಲಿ ಅದ್ದಿ ತೆಗೆದಂಥ ಮೂತಿ.
ನಾನು ಬಾಚಿ ಎತ್ತಿದರೆ ಸಾಕು, ಓಡಿಬಂದು
ಹಾರಿದ ಚಕ್ಕೆಯನ್ನು ನೆಲ ಮುಟ್ಟುವ ಮೊದಲೇ ಹಿಡಿಯುತ್ತಿದ್ದಳು.
ನಾನು ನಗುತ್ತಿದ್ದೆ. ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದೆ.
ಈಗ ಆ ನಗು ನೆನೆದರೆ
ನಾಲಿಗೆಯಲ್ಲಿ ಸಿಬಿರು.

ಒಂದು ಆಗಸ್ಟಿನಲ್ಲಿ ಅವಳ ಬಾಯಿ ನಾರತೊಡಗಿತು.
ಕೊಳೆತ ಮೀನು ಕದ್ದೆಯಾ ಕಳ್ಳಿ, ಎಂದು ಬೈದೆ.
ಬಾಗಿಲ ಹೊರಗೆ ಮಲಗಿಸಿದೆ. ಎಂಟು ದಿನ.
ಮುಂಗಾಲಿನಿಂದ ಮೂತಿ ಉಜ್ಜಿ ಉಜ್ಜಿ
ಹೇಳುತ್ತಲೇ ಇದ್ದಳು, ಪಾಪ, ತನಗೆ ಬರುವ ಭಾಷೆಯಲ್ಲಿ.

ಒಂಬತ್ತನೆಯ ರಾತ್ರಿ ಎದುವಿನಾ ದೀಪ ತಂದಳು.
ನನ್ನ ಕೈ ನೋಡು, ಕೊಡಲಿಯ ಕಾವಿಗೆಂದೇ ಆದದ್ದು;
ಅವಳದು ಚಿಪ್ಪಿನ ಸಂದಿಗೆ ಬೆರಳು ತೂರಿಸಿ ಪಳಗಿದ ಕೈ.
ನಾನು ತೊಡೆಗಳ ನಡುವೆ ಹಿಡಿದೆ, ಅವಳು ದವಡೆ ಎತ್ತಿದಳು.
ಐವತ್ತು ವರ್ಷ ದೋಣಿ ಕಟ್ಟಿದವನು
ಅಲ್ಲಿ ಕಂಡೆ ಇನ್ನೊಂದು ದೋಣಿ:
ಅಂಗುಳದ ತುಂಬ ಸಾಲು ಸಾಲು ಪಕ್ಕೆಲುಬು, ನಡುವೆ ಏಣು,
ದಡದಲ್ಲಿ ಮಗುಚಿಟ್ಟ ಹಾಗೆ.
ಅದರಲ್ಲಿ, ಈ ಬದಿಯ ದವಡೆಹಲ್ಲಿನಿಂದ ಆ ಬದಿಗೆ,
ಹುಟ್ಟು ಹಾಕುವವನು ಕೂರುವ ಅಡ್ಡಹಲಗೆಯಂತೆ
ಲೂಮಾ ಮರದ ಚಕ್ಕೆಯೊಂದು,
ಅಳತೆ ಹಿಡಿದು ಕೂರಿಸಿದಷ್ಟು ಬಿಗಿ.
ಕೆಲಸ ಯಾರದೆಂದು ಗುರುತು ಸಿಕ್ಕಿತು. ನನ್ನದೇ ಬಾಚಿ.

ಚಮಚದ ಹಿಡಿ ತೂರಿಸಿ ಮೀಟಿದಳು.
ಟಕ್.
ಎಷ್ಟು ಸಣ್ಣ ಸದ್ದು!
ತಿಸ್ನಾ ಅವಳ ಕೈ ಕಚ್ಚಲಿಲ್ಲ. ನನ್ನತ್ತ ನೋಡಲಿಲ್ಲ.
ಮರುದಿನ ಕಾಸ್ತ್ರೊದಲ್ಲಿ ಡಾಕ್ಟರು ಹುಣ್ಣು ತೊಳೆದು ಅಂದರು:
ಬಾಯಲ್ಲೇ ಸಿಕ್ಕಿದ್ದು ನಿಮ್ಮ ಪುಣ್ಯ,
ಗಂಟಲು ಇಳಿದಿದ್ದರೆ ಹೊಟ್ಟೆ ಕೊಯ್ಯಬೇಕಿತ್ತು.

ಹಾಗಾಗಿ ಕೇಳು. ಹಳೆಯ ದೋಣಿಯ ಹಲಗೆ ಬೇಡ,
ಆ ಕೆಂಪು ಬಣ್ಣ ಕಡಲಹುಳುವನ್ನು ಕೊಲ್ಲಲೆಂದೇ ಕಲಸಿದ್ದು.
ಹಸಿರು ಛಾಯೆಯ ಬೇಲಿಗೂಟ ಬೇಡ, ಔಷಧಿ ಕುಡಿದ ಮರ ಅದು.
ಚೆರಿ ಕೊಂಬೆ ಬೇಡ, ಹೂವು ಎಷ್ಟೇ ಚೆಂದವಿರಲಿ.
ಪೈನ್ ಸೀಳುತ್ತದೆ. ಲೂಮಾದ ಮೇಲೆ ಉಗುರೊತ್ತಿ ನೋಡು,
ಗುರುತೇ ಬೀಳದು; ಅಂಥದ್ದು ಹಲ್ಲನ್ನೇ ಮುರಿಯುತ್ತದೆ...
ಪಾದ್ರಿಯ ಹಾಗೆ ಪಾಪಗಳ ಪಟ್ಟಿ ಓದುತ್ತಿದ್ದೇನೆ,
ನೀನು ಆಕಳಿಸುತ್ತಿದ್ದೀಯ. ಸರಿ.

ಇದೋ, ಸೇಬಿನ ಬೇರು.
ಗಾಳಿಗೆ ಉರುಳಿದ ಮರದ್ದು. ಮದ್ದು ಕಾಣದ ಮರ.
ಒಂದಿಡೀ ಚಳಿಗಾಲ ಒಲೆಯ ಮೇಲೆ ಒಣಗಿಸಿ,
ಚೂಪಾದಲ್ಲೆಲ್ಲ ಮಗುವಿನ ಮೊಣಕಾಲಿನಷ್ಟು ದುಂಡಗೆ ಉಜ್ಜಿದ್ದೇನೆ.
ಕಡಿಯಲಿ. ನೀನು ಪಕ್ಕದಲ್ಲಿ ಕೂತಿರು.
ಗುಟುಕಿಗೆ ನುಂಗುವಷ್ಟು ಸವೆದ ದಿನ
ಕಿತ್ತುಕೊಂಡು ಬೆಂಕಿಗೆ ಹಾಕು, ಅದು ಎಷ್ಟೇ ಕುಂಯ್‌ಗುಟ್ಟಲಿ.
ಮತ್ತೆ ಬಾ, ಇನ್ನೂ ಆರು ಬೇರಿದೆ.
ಬಾಯಿ ನಾರಿದರೆ ಬೈಯಬೇಡ,
ದೀಪ ತಾ.

ಈ ಬೆಂಚಿನ ಕಾಲೇ? ತಿಸ್ನಾ ಕಡಿದದ್ದು, ಮರಿಯಾಗಿದ್ದಾಗ.
ಕೂತವರೆಲ್ಲ ಎಡಕ್ಕೆ ವಾಲುತ್ತಾರೆ.
ಊರ ದೋಣಿಯೆಲ್ಲ ನೆಟ್ಟಗೆ ಮಾಡುತ್ತೀರಿ, ಇದೊಂದು ಆಗದೇ,
ಎಂದು ಎದುವಿನಾ ಇವತ್ತು ಬೆಳಿಗ್ಗೆಯೂ ಅಂದಳು.
ಮಾಡಬೇಕು.
ಓ, ನಿನ್ನಪ್ಪ ಕೂಗುತ್ತಿದ್ದಾನೆ. ನೀರು ಏರಿತು.
ಬೇರು ಮರೆತೆ ನೋಡು.